ಒಂಬತ್ತು ಸ್ಲೈಡ್, ಒಂದೇ ರಕ್ತ

ಮೂಡಬಿದಿರೆಯ ಒಂದು ಪ್ಯಾರಾಮೆಡಿಕಲ್ ಕಾಲೇಜಿನಲ್ಲಿ ಕಳೆದ ತಿಂಗಳು ನಾನು ಒಂದು ಕತೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಕತೆಯಲ್ಲಿ ಸುಳ್ಳಿರಲಿಲ್ಲ. ಬಿಟ್ಟದ್ದು ಬಹಳ ಇತ್ತು. ಪಾಣೆಮಂಗಳೂರಿಗೆ ಮರಳುವ ಬಸ್ಸಿನಲ್ಲಿ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

ಪ್ರಾಂಶುಪಾಲರು ಮೊದಲೇ ಹೇಳಿದ್ದರು: "ಮಕ್ಕಳಿಗೆ ಸ್ವಲ್ಪ ಪ್ರೇರಣೆ ಸಿಗುವ ಹಾಗೆ ಮಾತಾಡಿ ರಹಿಮಾನ್ ಸರ್. ಇಲಾಖೆಯ ತಕರಾರೆಲ್ಲ ಬೇಡ." ಹಾಗಾಗಿ ಒಂಬತ್ತು ಸ್ಲೈಡುಗಳ ಕತೆ ಹೇಳಿದೆ. ಒಂಬತ್ತು ಹೆಸರು ಬರೆದ ಒಂಬತ್ತು ಸ್ಲೈಡುಗಳಲ್ಲಿ ಇರುವುದು ಒಬ್ಬರದೇ ರಕ್ತ ಎಂದು ಸೂಕ್ಷ್ಮದರ್ಶಕದಲ್ಲಿ ಕಂಡುಹಿಡಿದು, ಆ ಒಬ್ಬರನ್ನು ಹುಡುಕಿ ಜೀವ ಉಳಿಸಿದ ಲ್ಯಾಬ್ ಟೆಕ್ನಿಷಿಯನ್ನಿನ ಕತೆ. ಆ ಟೆಕ್ನಿಷಿಯನ್ ನಾನೇ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಆಮೇಲೆ ಅವರಿಗೆ ಏನಾಯ್ತು ಸರ್?"

"ಗುಣವಾಯಿತು" ಎಂದೆ. ಅವಳು ಕೇಳಿದ್ದು ಅದಲ್ಲ. ನನಗೆ ಗೊತ್ತಿತ್ತು. ಅವಳಿಗೂ ಗೊತ್ತಾಯಿತೋ ಏನೋ, ಕುಳಿತುಕೊಂಡಳು. ಉಳಿದವರು ಚಪ್ಪಾಳೆ ತಟ್ಟಿದರು.

ಇದನ್ನು ಅವಳಿಗಾಗಿ ಬರೆಯುತ್ತಿದ್ದೇನೆ. ನೆನಪನ್ನು ನಾನು ನಂಬುವವನಲ್ಲ. ಹೇಳಿದ ಕತೆಯನ್ನೇ ಮತ್ತೆ ಮತ್ತೆ ಹೇಳುತ್ತ ಹೋದರೆ ಹೇಳುವವನು ಪ್ರತಿಸಲವೂ ಸ್ವಲ್ಪ ಎತ್ತರವಾಗುತ್ತಾನೆ. ಅದಕ್ಕಾಗಿಯೇ ಬಿ.ಎಸ್ಸಿ. ಓದುತ್ತಿದ್ದಾಗಿನಿಂದ ದಿನಚರಿ ಬರೆದುಕೊಂಡು ಬಂದಿದ್ದೇನೆ. ಈ ಸಂಗತಿಯಲ್ಲೇ ನೋಡಿ, ಆ ಸ್ಲೈಡುಗಳು ಹನ್ನೊಂದು ಎನ್ನುತ್ತದೆ ನನ್ನ ನೆನಪು. ದಿನಚರಿಯಲ್ಲಿ ಒಂಬತ್ತು ಎಂದಿದೆ. ನಾನು ದಿನಚರಿಯನ್ನು ನಂಬಿದೆ.

ಕೆಲಸ ಎಂದರೆ ಇಷ್ಟು. ಆರೋಗ್ಯ ಕೇಂದ್ರದ ಸಿಸ್ಟರುಗಳು ಮನೆಮನೆಗೆ ಹೋಗಿ, ಜ್ವರ ಇದ್ದವರ ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ಎರಡು ಹನಿ ರಕ್ತ ಹಚ್ಚಿ ಒಣಗಿಸಿ, ಹೆಸರಿನ ಪಟ್ಟಿಯ ಜೊತೆ ಪೊಟ್ಟಣ ಕಟ್ಟಿ ತರುತ್ತಾರೆ. ನಾನು ಅದಕ್ಕೆ ಬಣ್ಣ ಹಾಕಿ, ಮಲೇರಿಯಾ ಉಂಟೋ ಇಲ್ಲವೋ ಎಂದು ನೋಡುತ್ತೇನೆ. ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ವೃತ್ತಕ್ಕೆ ಫೀಲ್ಡ್ ಎನ್ನುತ್ತಾರೆ. ಅಂಥ ನೂರು ಫೀಲ್ಡ್ ನೋಡದೆ ನೆಗೆಟಿವ್ ಬರೆಯಬಾರದು. ಇಷ್ಟನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯಬಹುದು. ಪಾಲಿಸಲಿಕ್ಕೆ ಮೂವತ್ತು ವರ್ಷ ಸಾಕಾಗುವುದಿಲ್ಲ.

ನನಗೆ ಇದನ್ನು ಕಲಿಸಿದವರು ಐತಪ್ಪಣ್ಣ, ಬೆಳ್ತಂಗಡಿ ಕಡೆಯ ನನ್ನ ಮೊದಲ ಕೆಲಸದಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದವರು. ಧರ್ಮಸ್ಥಳಕ್ಕೆ ಬಂದ ಯಾತ್ರಿಕರಲ್ಲಿ ಜ್ವರ ಹಿಡಿದವರು ನಮ್ಮಲ್ಲಿಗೂ ಬರುತ್ತಿದ್ದರು. ಒಮ್ಮೆ ಉತ್ತರ ಕರ್ನಾಟಕದ ಒಬ್ಬ ಬಸ್ ಡ್ರೈವರ್ ಬಂದ. ನಡುಗುತ್ತಿದ್ದ. "ಲಗೂನ ನೋಡ್ರಿ ಸರ, ಬಸ್ಸಿನ್ಯಾಗ ಮಂದಿ ಕುಂತೈತಿ" ಎಂದ. ನೋಡಿ ನೆಗೆಟಿವ್ ಬರೆದೆ. ಅವನು ಎರಡು ಮಾತ್ರೆ ನುಂಗಿ ಬಸ್ಸು ಹತ್ತಿದ.

ಊಟದ ನಂತರ ನನ್ನ ಸ್ಲೈಡುಗಳನ್ನು ಮತ್ತೊಮ್ಮೆ ನೋಡುವುದು ಐತಪ್ಪಣ್ಣನ ಪದ್ಧತಿ. ತಲೆ ಎತ್ತದೆಯೇ ಕೇಳಿದರು: "ಇದನ್ನು ಎಷ್ಟು ಫೀಲ್ಡ್ ನೋಡಿದಿ?"

"ನಲವತ್ತು ಆಗಬಹುದು."

"ಬಾಕಿ ಅರವತ್ತು ನಿನ್ನ ಅಜ್ಜ ಬಂದು ನೋಡ್ತಾರಾ ಮಾರಾಯ?"

ಕೆಂಪು ಕಣಗಳ ಒಳಗೆ ಸಣ್ಣ ಉಂಗುರಗಳಿದ್ದವು. ಪಿ.ಎಫ್., ಅಂದರೆ ಮೆದುಳಿಗೂ ಮೂತ್ರಪಿಂಡಕ್ಕೂ ಏರುವ ಜಾತಿಯ ಮಲೇರಿಯಾ. ಡ್ರೈವರನ್ನು ಹುಡುಕಬೇಕಿತ್ತು. ರಿಜಿಸ್ಟರಿನಲ್ಲಿ ವಿಳಾಸದ ಜಾಗದಲ್ಲಿ ನಾನು ಬರೆದಿದ್ದದ್ದು ಒಂದೇ ಪದ: ಯಾತ್ರಿಕ. ಐತಪ್ಪಣ್ಣ ಆ ಪದದ ಮೇಲೆ ಬೆರಳಿಟ್ಟು, "ಇದು ಯಾವ ಊರು?" ಎಂದರು. ಆ ಡ್ರೈವರ್ ಬದುಕಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂದೆ ಎಂದೂ ನೂರಕ್ಕಿಂತ ಕಡಿಮೆ ನೋಡಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ದಿನಚರಿ ಹಾಗೆ ಹೇಳುವುದಿಲ್ಲ.

ಆಮೇಲೆ ಮಲೇರಿಯಾ ಪರೀಕ್ಷೆಯ ಕಾರ್ಡುಗಳು ಬಂದವು. ಒಂದು ಹನಿ ಹಾಕಿ ಕಾಲು ಗಂಟೆ ಕಾದರೆ ಗೆರೆ ಮೂಡುತ್ತದೆ. ಅದರಿಂದ ಬದುಕಿದವರು ಬಹಳ, ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಸಿಟ್ಟು ಕಾರ್ಡ್ ನೋಡಿದ ಮೇಲೆ ಕಣ್ಣು ಮುಚ್ಚಿಕೊಳ್ಳುವವರ ಮೇಲೆ. ನನ್ನ ಭಾವ ಆಫ್ರಿಕಾದಲ್ಲಿ ಮರದ ವ್ಯಾಪಾರದಲ್ಲಿದ್ದರು. ರಜೆಯಲ್ಲಿ ಊರಿಗೆ ಬಂದ ಎರಡನೇ ವಾರ ಜ್ವರ. ಬಿ.ಸಿ.ರೋಡಿನ ಒಂದು ಕ್ಲಿನಿಕ್ಕಿನಲ್ಲಿ ಕಾರ್ಡ್ ನೆಗೆಟಿವ್ ಬಂತು, ವೈರಲ್ ಎಂದರು. ಎಲ್ಲಿಂದ ಬಂದಿರಿ ಎಂದು ಕೇಳಿದವರಿಲ್ಲ. ಭಾವನೂ ಹೇಳಲಿಲ್ಲ. "ಜ್ವರ ಬಂದದ್ದು ಊರಿಗೆ ಬಂದ ಮೇಲಲ್ಲವಾ" ಎಂಬುದು ಅವರ ವಾದ. ಅಕ್ಕನ ಅಡುಗೆಮನೆಯಲ್ಲೇ ಬೆರಳು ಚುಚ್ಚಿ ಸ್ಲೈಡ್ ಮಾಡಿ ಒಯ್ದು ನೋಡಿದೆ. ಫೀಲ್ಡ್ ತುಂಬ ಉಂಗುರ. ಅಲ್ಲಿಯ ಕೆಲವು ಪರೋಪಜೀವಿಗಳನ್ನು ಕಾರ್ಡ್ ಹಿಡಿಯುವುದಿಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಈಗ ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರ, ಡೆಂಗಿ, ಮಲೇರಿಯಾ ಮೂರೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತವೆ. ಮೂರಕ್ಕೂ ಒಂದೇ ಡ್ರಿಪ್ ಏರಿಸಿ ಮನೆಗೆ ಕಳಿಸುವುದನ್ನು ನೋಡಿದಾಗಲೆಲ್ಲ ಬೆಂಚನ್ನೇ ಎತ್ತಿ ಬಿಸಾಡುವ ಎನಿಸುತ್ತದೆ.

ಇರಲಿ, ಒಂಬತ್ತು ಸ್ಲೈಡುಗಳಿಗೆ ಬರುತ್ತೇನೆ.

ಆಗ ನಾನು ಬಂಟ್ವಾಳ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿದ್ದೆ. ಹೆಸರು ಬರೆಯುವುದಿಲ್ಲ. ಪ್ರತಿ ಸಿಸ್ಟರಿಗೂ ತಿಂಗಳ ಗುರಿ ಇತ್ತು. ಊರಿನ ಜನಸಂಖ್ಯೆಗೆ ಇಂತಿಷ್ಟು ಸ್ಲೈಡ್ ತರಲೇಬೇಕು. ಊರಿನಲ್ಲಿ ಯಾರಿಗೂ ಜ್ವರ ಇಲ್ಲದಿದ್ದರೆ? ನಮ್ಮ ಮೇಲ್ವಿಚಾರಕರು ತಿಂಗಳ ಸಭೆಯಲ್ಲಿ ಹೇಳುತ್ತಿದ್ದರು: "ಜ್ವರ ಇಲ್ಲ ಅಂದ್ರೆ ನೀವು ಸರಿ ಹುಡುಕಲಿಲ್ಲ ಅಂತ ಲೆಕ್ಕ." ಇನ್ನೊಂದು ನಿಯಮವೂ ಇತ್ತು. ಸ್ಲೈಡು ಮನೆಪಟ್ಟಿಯಲ್ಲಿ ಹೆಸರಿದ್ದವರದ್ದೇ ಆಗಬೇಕು. ಕಟ್ಟಡದ ಕೆಲಸಕ್ಕೆ ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದು ಶೆಡ್ಡುಗಳಲ್ಲಿ ಇರುವವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅವರ ರಕ್ತ ತಂದರೆ ಗುರಿಗೆ ಸೇರುವುದಿಲ್ಲ. ಮಲೇರಿಯಾ ಇರುವ ಸಂಭವ ಎಲ್ಲರಿಗಿಂತ ಹೆಚ್ಚು ಇದ್ದದ್ದು ಅವರಿಗೆ. ಈ ನಿಯಮ ಮಾಡಿದವರು ಓದಿದವರೇ.

ವಾರಿಜಕ್ಕ ನಮ್ಮ ಸಿಸ್ಟರುಗಳಲ್ಲಿ ಒಬ್ಬರು. ಗುತ್ತಿಗೆಯ ಕೆಲಸ, ವರ್ಷವರ್ಷವೂ ನವೀಕರಣ ಆಗಬೇಕು. ಸ್ಲೈಡ್ ಮಾಡುವುದರಲ್ಲಿ ಅವರ ಕೈಯನ್ನು ಮೀರಿಸಿದವರಿಲ್ಲ. ಪ್ರತಿ ತಿಂಗಳ ಕೊನೆಯ ವಾರ ಅವರ ಪೊಟ್ಟಣದಲ್ಲಿ ಒಂದು ವಿಚಿತ್ರ ಕಾಣುತ್ತಿತ್ತು. ಒಳಗೆ ಗುಲಾಬಿ ಬಣ್ಣದ ಕಾಳುಗಳಿರುವ ಬಿಳಿ ರಕ್ತಕಣಗಳು, ಅಲರ್ಜಿ ಇರುವವರ ರಕ್ತದಲ್ಲಿ ಹೆಚ್ಚಾಗುವಂಥವು, ಹತ್ತಾರು ಹೆಸರುಗಳಲ್ಲಿ ಒಂದೇ ಪ್ರಮಾಣದಲ್ಲಿ ಇರುತ್ತಿದ್ದವು. ಮೊದಲ ಸ್ಲೈಡಿನಲ್ಲಿ ಹನಿ ದಪ್ಪ, ಕೊನೆಯದರಲ್ಲಿ ತೆಳು, ಬೆರಳು ಹಿಂಡಿ ಹಿಂಡಿ ಸಾಕಾದ ಹಾಗೆ. ವರ್ಷಗಳಿಂದ ನೋಡಿ ನೋಡಿ ಅದು ನನಗೆ ಪರಿಚಯದ ರಕ್ತವಾಗಿಬಿಟ್ಟಿತ್ತು.

ಅವರ ಎಡಗೈಯ ಉಂಗುರ ಬೆರಳಿನ ತುದಿಯಲ್ಲಿ ಕಪ್ಪು ಚುಕ್ಕೆಗಳಿದ್ದವು. ಒಮ್ಮೆ ಎಲ್ಲರ ಎದುರು ತಮಾಷೆ ಮಾಡಿದೆ: "ವಾರಿಜಕ್ಕ, ಹೊಲಿಗೆ ಕಲಿಯುತ್ತಿದ್ದೀರಾ?" ಉಳಿದ ಸಿಸ್ಟರುಗಳು ನಕ್ಕರು. ವಾರಿಜಕ್ಕನೂ ನಕ್ಕರು. ಕೈ ಮಾತ್ರ ಸೆರಗಿನೊಳಗೆ ಹೋಯಿತು.

ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ಘಟನೆಗೆ ಒಂದು ವರ್ಷ ಮೊದಲಿನ ದಿನಚರಿಯಲ್ಲಿ ನನ್ನದೇ ಅಕ್ಷರದಲ್ಲಿ ಉಂಟು: "ವಾರಿಜಾ ಅವರ ಸ್ಲೈಡ್, ಮತ್ತೆ ಅದೇ ರಕ್ತ. ಅವರದೇ ಇರಬೇಕು. ಮಾತಾಡಬೇಕು." ಮಾತಾಡಲಿಲ್ಲ.

ಆ ದಿನ ಬೆಳಿಗ್ಗೆ, ವಾರಿಜಕ್ಕ ಮೂರು ದಿನದ ಹಿಂದೆ ಕೊಟ್ಟುಹೋಗಿದ್ದ ಪೊಟ್ಟಣ ಬಿಚ್ಚಿ ಮೊದಲನೆಯದನ್ನು ಇಟ್ಟೆ. ಉಂಗುರಗಳು. ಪಿ.ಎಫ್. ಎರಡನೆಯದು, ಪಿ.ಎಫ್. ಮೂರನೆಯದರಲ್ಲಿ ಉಂಗುರಗಳ ಜೊತೆ ಆ ಗುಲಾಬಿ ಕಾಳಿನ ಕಣಗಳು ಕಂಡವು. ಮತ್ತೆ ಮೊದಲಿನ ಎರಡಕ್ಕೆ ಹೋದೆ. ಅಲ್ಲಿಯೂ ಇದ್ದವು. ಒಂಬತ್ತನೆಯದನ್ನು ನೋಡಿದವನೇ ಎದ್ದು ಡಾಕ್ಟರ್ ಮೇಡಂ ಬಳಿ ಓಡಿದೆ. ಒಂಬತ್ತು ಹೆಸರು, ಒಬ್ಬರ ರಕ್ತ, ಆ ಒಬ್ಬರು ಎರಡು ಮೂರು ದಿನದೊಳಗೆ ಸಾಯಬಹುದು.

ಮೇಡಂ ಚಿಕ್ಕ ವಯಸ್ಸಿನವರು, ಹೊಸಬರು. ಮೊದಲು ಮೇಲ್ವಿಚಾರಕರಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

"ಒಂದೇ ಊರಲ್ಲಿ ಒಂಬತ್ತು ಪಿ.ಎಫ್. ಆ? ಎಂತ ಮಾರಾಯ್ರೆ, ಜಿಲ್ಲೆಯಿಂದ ಎಲ್ಲ ಓಡಿ ಬರ್ತಾರೆ."

"ಒಂಬತ್ತು ಜನ ಅಲ್ಲ ಸರ್. ಒಬ್ಬರೇ. ಸ್ಲೈಡ್ ಎಲ್ಲ ಒಬ್ಬರದ್ದೇ ರಕ್ತದಲ್ಲಿ ಮಾಡಿದ್ದು."

"ಅದು ಇನ್ನೂ ಕೆಟ್ಟದ್ದಲ್ಲವಾ? ನೆಗೆಟಿವ್ ಅಂತ ಬರೆದು ಬಿಡಿ. ಸುಳ್ಳು ಸ್ಲೈಡ್ ಅಂತ ಹೊರಗೆ ಬಂದ್ರೆ ನಾವೆಲ್ಲ ಮನೆಗೆ ಹೋಗ್ಲಿಕ್ಕೆ ಉಂಟು."

"ಆ ಒಬ್ಬರು ಸಾಯ್ತಾರೆ ಸರ್."

"ಯಾರು ಅಂತ ಗೊತ್ತುಂಟಾ ನಿಮಗೆ?"

ಆಗ ಹೇಳಬೇಕಿತ್ತು. "ಗೊತ್ತಿಲ್ಲ" ಎಂದೆ. ಹೆಸರು ಹೇಳಿದರೆ ವಾರಿಜಕ್ಕನ ಕೆಲಸ ಹೋಗುತ್ತದೆ ಎಂದು ಹೆದರಿದೆ ಎಂದುಕೊಳ್ಳುತ್ತೇನೆ. ಅಷ್ಟು ಒಳ್ಳೆಯ ಕಾರಣವೋ, ಅಥವಾ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆಗೆ ಹೆದರಿದೆನೋ, ಈಗಲೂ ಖಚಿತವಿಲ್ಲ. ಅಂತೂ ಮೇಡಂ ಜೊತೆ ಜೀಪಿನಲ್ಲಿ ಪಟ್ಟಿಯ ಹೆಸರುಗಳನ್ನು ಹುಡುಕಿಕೊಂಡು ಹೊರಟೆ.

ಮೊದಲನೆಯವರು ತೋಟದಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜ. "ನನ್ನ ರಕ್ತವಾ? ನನ್ನ ಬೆರಳಿಗೆ ಸೂಜಿ ಮುಟ್ಟಿಸುವವ ಇನ್ನು ಹುಟ್ಟಿ ಬರ್ಬೇಕಷ್ಟೇ ಡಾಕ್ಟ್ರೇ" ಎಂದು ಕತ್ತಿ ತೋರಿಸಿದರು. ಎರಡನೆಯ ಹೆಂಗಸು ಮುಂಬೈಯ ಮಗಳ ಮನೆಗೆ ಹೋಗಿ ತಿಂಗಳಾಗಿತ್ತು. ಮೂರನೆಯ ಮನೆಯ ಗೋಡೆಯಲ್ಲಿ ಪಟ್ಟಿಯ ಹೆಸರಿನವರ ಫೋಟೋಕ್ಕೆ ಹಾರ ಹಾಕಿದ್ದರು. ಸೊಸೆ ನಮ್ಮನ್ನು ಕೂರಿಸಿ ನೀರು ಕೊಟ್ಟು, "ಮಾವನಿಗೆ ಈಗ ಜ್ವರ ಬರ್ತಾ ಉಂಟು ಅಂತಾದ್ರೆ ನಮಗೂ ಸ್ವಲ್ಪ ಹೇಳಿ ಮೇಡಂ" ಎಂದರು. ಮೇಡಂ ಅಂಗಳಕ್ಕೆ ಬಂದು ನನ್ನ ಮುಖ ನೋಡಿದರು.

"ರಹಿಮಾನ್ ಸರ್, ಈ ಸ್ಲೈಡ್ ತಂದ ಸಿಸ್ಟರ್ ಎಲ್ಲಿ?"

"ಮೂರು ದಿನದಿಂದ ರಜೆ."

"ಯಾಕೆ?"

"ಹುಷಾರಿಲ್ಲ ಅಂತ."

ಮೇಡಂ ಜೀಪು ತಿರುಗಿಸಲು ಹೇಳಿದರು. ಆಗಲೇ ಮಧ್ಯಾಹ್ನ ಕಳೆದಿತ್ತು. ಅರ್ಧ ದಿನ ನಾನು ತಿಂದಿದ್ದೆ.

ವಾರಿಜಕ್ಕ ಕಂಬಳಿ ಹೊದ್ದು ಮಲಗಿದ್ದರು. ತುಟಿ ಒಡೆದಿತ್ತು, ಕಣ್ಣು ಹಳದಿಗೆ ತಿರುಗಿತ್ತು. ಗಂಡ ಬಾಗಿಲಲ್ಲಿ ನಿಂತು, "ವೈರಲ್ ಅಂತ ಹೇಳ್ತಾಳೆ, ಆಸ್ಪತ್ರೆಗೆ ಬರ್ಲಿಕ್ಕೆ ಕೇಳುದಿಲ್ಲ" ಎಂದರು. ನಾನು ಸೂಜಿ ತೆಗೆದೆ. ಅವರು ಎರಡೂ ಕೈ ಕಂಬಳಿಯ ಒಳಗೆ ಎಳೆದುಕೊಂಡರು.

"ಅದು ನನ್ನ ರಕ್ತ ಅಲ್ಲ ಸರ್."

"ಯಾವುದು ವಾರಿಜಕ್ಕ? ನಾನು ಇನ್ನೂ ಏನೂ ಕೇಳಲಿಲ್ಲ."

"ಎಲ್ಲ ಊರವರದ್ದು. ಮನೆಮನೆಗೆ ಹೋಗಿ ತೆಗೆದದ್ದು. ಬೇಕಾದ್ರೆ ಆಣೆ ಮಾಡ್ತೇನೆ."

"ಆಣೆ ಬೇಡ. ಬೆರಳು ಕೊಡಿ."

"ಕೊಟ್ರೆ ನನ್ನ ಕೆಲಸ ಹೋಗ್ತದೆ."

"ಕೊಡದಿದ್ರೆ ನೀವೇ ಹೋಗ್ತೀರಿ."

ಕಂಬಳಿಯಿಂದ ಅವರ ಬಲಗೈ ಹೊರಗೆ ಬಂತು. "ಎಡದ್ದರಲ್ಲಿ ಜಾಗ ಇಲ್ಲ ಸರ್. ನಿಮಗೆ ಗೊತ್ತುಂಟಲ್ಲ" ಎಂದರು. ಮೇಡಂ ನನ್ನ ಕಡೆ ತಿರುಗಿದ್ದು ಕಂಡಿತು. ನಾನು ಬೆರಳಿಗೆ ಸ್ಪಿರಿಟ್ ಹಚ್ಚುತ್ತ ಕುಳಿತೆ. ಅದು ವಾರಿಜಕ್ಕನ ಹೆಸರಿನಲ್ಲೇ ಬರೆದ ಮೊದಲ ಸ್ಲೈಡ್.

ಮಂಗಳೂರಿಗೆ ಕರೆದೊಯ್ಯುವಾಗ ಜೀಪಿನಲ್ಲಿ ಅವರು ಅರೆಪ್ರಜ್ಞೆಯಲ್ಲಿ ಏನೇನೋ ಹೇಳುತ್ತಿದ್ದರು. ಬಿ.ಸಿ.ರೋಡಿನ ಹತ್ತಿರ ಕಟ್ಟುತ್ತಿದ್ದ ಒಂದು ಫ್ಲ್ಯಾಟಿನ ಕೆಲಸಗಾರರ ಶೆಡ್ಡಿಗೆ ಎರಡು ವಾರಗಳಿಂದ ಸಂಜೆ ಹೊತ್ತು ಹೋಗುತ್ತಿದ್ದರಂತೆ. ಅಲ್ಲಿ ಜ್ವರ ಇದ್ದವರಿಗೆ ಮಾತ್ರೆ ಕೊಡಲಿಕ್ಕೆ, ಯಾರೂ ಹೇಳದೆ, ಯಾವ ಗುರಿಗೂ ಸೇರದೆ. ಸೊಳ್ಳೆ ಕಚ್ಚಿದ್ದು ಅಲ್ಲೇ ಇರಬೇಕು. "ಶೆಡ್ಡಿನಲ್ಲಿ ಜ್ವರ ಜೋರುಂಟು ಸರ್. ಎರಡು..." ಎಂದವರು ವಾಂತಿ ಮಾಡಿದರು. ಇಬ್ಬರಿಗೆ ಜ್ವರ ಇದೆ ಎಂದು ಅರ್ಥಮಾಡಿಕೊಂಡೆ. ನಾಳೆ ಬೆಳಿಗ್ಗೆ ಹೋಗುವ ಎಂದರು ಮೇಡಂ.

ಮರುದಿನ ಬೆಳಿಗ್ಗೆ ಹೋದೆವು. ಐದು ಮಂದಿಗೆ ಪಿ.ಎಫ್. ಇತ್ತು. ಎಲ್ಲರಿಗೂ ಅಲ್ಲೇ ಮದ್ದು ಶುರು ಮಾಡಿದೆವು. ಮೇಸ್ತ್ರಿ ಹಿಂದಿಯಲ್ಲಿ ಹೇಳಿದ, ರಾಜೇನ್ ಎಂಬ ಇನ್ನೊಬ್ಬನಿದ್ದ, ಎಲ್ಲರಿಗಿಂತ ಹೆಚ್ಚು ಜ್ವರ ಅವನಿಗೆ, ನಿನ್ನೆ ಸಂಜೆಯ ರೈಲಿಗೆ ಊರಿಗೆ ಹೊರಟುಹೋದ ಎಂದು. ಅವನ ಫೋನ್ ಬಂದ್ ಆಗಿತ್ತು. ಆಮೇಲೂ ಸಿಗಲಿಲ್ಲ. ರಿಜಿಸ್ಟರಿನಲ್ಲಿ ವಿಳಾಸದ ಜಾಗಕ್ಕೆ ಬಂದಾಗ ಐತಪ್ಪಣ್ಣನ ಬೆರಳು ನೆನಪಾಯಿತು.

ವಾರಿಜಕ್ಕ ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ನಾನು ಕಾಲೇಜಿನಲ್ಲಿ ಹೇಳಿದ ಕತೆ ಇಲ್ಲಿಗೆ ಮುಗಿಯುತ್ತದೆ.

ಮುಗಿದದ್ದು ಹಾಗಲ್ಲ. ವಿಚಾರಣೆ ನಡೆಯಿತು. ಗುರಿ ಯಾಕಿತ್ತು, ಶೆಡ್ಡಿನವರು ಯಾಕೆ ಪಟ್ಟಿಯಲ್ಲಿಲ್ಲ ಎಂದು ಕೇಳಿದವರಿಲ್ಲ. ಒಬ್ಬ ಗುತ್ತಿಗೆ ಸಿಸ್ಟರ್ ಸುಳ್ಳು ಸ್ಲೈಡ್ ಮಾಡಿದ್ದು ಎಷ್ಟು ತಿಂಗಳಿಂದ ಎಂಬುದಷ್ಟೇ ವಿಷಯ. ನೆಗೆಟಿವ್ ಬರೆದು ಬಿಡಿ ಎಂದ ಮೇಲ್ವಿಚಾರಕರು ವಿಚಾರಣೆಯ ಅಧಿಕಾರಿಯ ಪಕ್ಕದಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದರು. ಪೊಟ್ಟಣವನ್ನು ಸಾಕ್ಷಿಗೆಂದು ಕೊಂಡುಹೋದವರೂ ಅವರೇ.

ಅಧಿಕಾರಿ ನನ್ನನ್ನು ಕೇಳಿದರು: "ಇದಕ್ಕೆ ಮೊದಲು ನಿಮ್ಮ ಗಮನಕ್ಕೆ ಬಂದಿತ್ತಾ?"

ವಾರಿಜಕ್ಕ ಎದುರಿನ ಬೆಂಚಿನಲ್ಲಿ ಕುಳಿತಿದ್ದರು. ಬಂದಿತ್ತು, ಎಲ್ಲರಿಗೂ ಗೊತ್ತಿತ್ತು, ಗುರಿ ತುಂಬಬೇಕೆಂದು ನಾವೆಲ್ಲ ಕಣ್ಣು ಮುಚ್ಚಿದ್ದೆವು ಎಂದು ನಾನು ಒಬ್ಬ ಹೇಳಿದ್ದರೆ ತಪ್ಪು ಅವರೊಬ್ಬರ ತಲೆಯ ಮೇಲೆ ಬೀಳುತ್ತಿರಲಿಲ್ಲ.

"ಇಲ್ಲ ಸರ್" ಎಂದೆ.

ವಾರಿಜಕ್ಕ ನನ್ನನ್ನು ನೋಡಿದರೋ ಇಲ್ಲವೋ ನೆನಪಿಲ್ಲ. ದಿನಚರಿಯಲ್ಲೂ ಇಲ್ಲ. ಆ ದಿನದ ಪುಟದಲ್ಲಿ ಮಳೆಯ ಬಗ್ಗೆ ಎರಡು ಸಾಲು ಬರೆದಿದ್ದೇನೆ. ಅವರ ಗುತ್ತಿಗೆ ನವೀಕರಣವಾಗಲಿಲ್ಲ. ಮೇಲ್ವಿಚಾರಕರಿಗೆ ರೋಗ ಹರಡದಂತೆ ಸಕಾಲದಲ್ಲಿ ತಡೆದದ್ದಕ್ಕೆ ಮೆಚ್ಚುಗೆ ಪತ್ರ ಬಂತು. ಮುಂದಿನ ವರ್ಷ ಗುರಿ ಹೆಚ್ಚಾಯಿತು.

ಆ ಹುಡುಗಿಯ ಪ್ರಶ್ನೆ ಬಿಡಲಿಲ್ಲ. ಮೊನ್ನೆ, 'ಮಾತಾಡಬೇಕು' ಎಂದು ಬರೆದಿದ್ದ ದಿನಚರಿಯ ಆ ಹಳೆಯ ಪುಟದ ಝೆರಾಕ್ಸ್ ತೆಗೆಸಿ ವಾರಿಜಕ್ಕನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಕೂದಲು ಬೆಳ್ಳಗಾಗಿದೆ, ಕೈ ಚುರುಕು ಹಾಗೆಯೇ ಉಂಟು.

"ಎಂತ ರಹಿಮಾನ್ ಸರ್, ದಾರಿ ತಪ್ಪಿತಾ? ಕೂತ್ಕೊಳ್ಳಿ. ನನಗೆ ಏಳ್ಲಿಕ್ಕಾಗುದಿಲ್ಲ, ದಿನಕ್ಕೆ ಇಷ್ಟು ಅಂತ ಇದಕ್ಕೂ ಉಂಟು."

ಕಾಲೇಜಿನಲ್ಲಿ ಹೇಳಿದ ಕತೆಯ ವಿಷಯ ಹೇಳಿದೆ.

"ಚಪ್ಪಾಳೆ ತಟ್ಟಿದ್ರಾ?"

"ತಟ್ಟಿದ್ರು."

"ನನ್ನ ಪಾಲಿನದ್ದು ತಂದಿದ್ದೀರಾ?" ಎಂದು ನಕ್ಕರು.

ಝೆರಾಕ್ಸ್ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಮಡಚಿ ಎಲೆಯ ಕಟ್ಟಿನ ಕೆಳಗೆ ಇಟ್ಟರು. "ನಿಮ್ಮ ಕಣ್ಣು ಮೊದಲಿಂದಲೂ 'ಫಸ್ಟ್ ಕ್ಲಾಸ್' ಸರ್. ಅದರ ಬಗ್ಗೆ ನಾನು ಯಾವಾಗಲೂ ಹೇಳ್ತೇನೆ. ಬಾಯಿಯ ಬಗ್ಗೆ ಹೇಳುದಿಲ್ಲ." ಮತ್ತೆ ಎಲೆ ಕತ್ತರಿಸತೊಡಗಿದರು. "ಮಕ್ಕಳಿಗೆ ಎಷ್ಟು ಸ್ಲೈಡ್ ಅಂತ ಹೇಳಿದ್ರಿ?"

"ಒಂಬತ್ತು."

"ಹನ್ನೊಂದು ಅಲ್ಲವಾ ಕೊಟ್ಟದ್ದು?"

"ದಿನಚರಿಯಲ್ಲಿ ಒಂಬತ್ತು ಅಂತ ಉಂಟು ವಾರಿಜಕ್ಕ."

"ಒಂಬತ್ತು ನನ್ನದು. ಅಡಿಯಲ್ಲಿ ಇಟ್ಟ ಎರಡು ಶೆಡ್ಡಿನವರದ್ದು. ಅವರ ಹೆಸರು ಹಾಕಿದ್ರೆ ತೆಗೆದುಕೊಳ್ಳುದಿಲ್ಲ ಅಂತ ಅದಕ್ಕೂ ಪಟ್ಟಿಯ ಹೆಸರು ಹಾಕಿದ್ದೆ. ಪಾಸಿಟಿವ್ ಬಂದ್ರೆ ನೀವು ಫೋನ್ ಮಾಡ್ತೀರಿ, ಆಗ ನಿಜ ಹೇಳುವ ಅಂತ. ವಿಚಾರಣೆಯಲ್ಲಿ ಹೇಳ್ಲಿಲ್ಲ, ಹೇಳಿದ್ರೆ ಸುಳ್ಳು ಹೆಸರಿನ ಲೆಕ್ಕಕ್ಕೆ ಅದನ್ನೂ ಸೇರಿಸ್ತಿದ್ರು."

ಪೊಟ್ಟಣದ ಅಡಿ ನನ್ನ ಕಣ್ಣ ಮುಂದೆ ಬಂತು. ಒಂಬತ್ತನೆಯದನ್ನು ನೋಡಿ ಎದ್ದವನು ಉಳಿದದ್ದೂ ಅದೇ ಇರಬೇಕು ಎಂದು ಹಾಗೆಯೇ ಕಟ್ಟಿ ಕಪಾಟಿನಲ್ಲಿಟ್ಟಿದ್ದೆ. ನೋಡಿದ್ದನ್ನಷ್ಟೇ ದಿನಚರಿಯಲ್ಲಿ ಬರೆದಿದ್ದೆ. ಆ ಬೆಳಿಗ್ಗೆ, ಜೀಪು ಹತ್ತುವ ಮೊದಲು, ರೈಲು ಹೊರಡಲು ಇಡೀ ಹಗಲು ಬಾಕಿ ಇತ್ತು.

"ಒಬ್ಬ ರಾಜೇನ್ ಅಂತ" ಎಂದರು ವಾರಿಜಕ್ಕ. "ಅವನದ್ದು ಎಂತ ಬಂದಿತ್ತು ಸರ್?"

"ನಾನು ಅದನ್ನು ನೋಡಲಿಲ್ಲ" ಎಂದೆ.

ಕತ್ತರಿ ನಿಂತಿತು. ಅವರು ಕನ್ನಡಕ ತೆಗೆದು ಮೊರದ ಅಂಚಿನಲ್ಲಿಟ್ಟರು.

"ಇಷ್ಟು ವರ್ಷ ಅವನದ್ದು ನೆಗೆಟಿವ್ ಅಂತಲೇ ತಿಳ್ಕೊಂಡಿದ್ದೆ ಸರ್" ಎಂದರು. "ನಿಮ್ಮ ಫೋನ್ ಬರ್ಲಿಲ್ಲ ಅಲ್ಲ."